ಮನೆಸಾಲ ಬೇಗ ತೀರಿಸುವುದು ಹೇಗೆ: ತುಮಕೂರಿನ ಒಂದು ಸಂಸಾರದ ಲೆಕ್ಕ

ನಮ್ಮ ಅಡುಗೆಮನೆ ಬಾಗಿಲ ಹಿಂದೆ ಒಂದು ಕ್ಯಾಲೆಂಡರ್ ತೂಗುತ್ತದೆ. ಹಾಲಿನವನ ಲೆಕ್ಕ, ಗ್ಯಾಸ್ ಬುಕ್ ಮಾಡಿದ ದಿನ, ಮಕ್ಕಳ ಪರೀಕ್ಷೆ, ಯಾರ ಮನೆಯ ಗೃಹಪ್ರವೇಶ, ಎಲ್ಲವೂ ಅದರ ಮೇಲೆಯೇ. ಒಂಬತ್ತು ವರ್ಷ ಪ್ರತಿ ತಿಂಗಳ 5ನೇ ತಾರೀಖಿನ ಸುತ್ತ ಕೆಂಪು ಶಾಯಿಯ ಗುಂಡು ಇರುತ್ತಿತ್ತು. ಮನೆಸಾಲದ ಕಂತು ಕಡಿತವಾಗುವ ದಿನ ಅದು. 2016ರಲ್ಲಿ ಇಪ್ಪತ್ತು ವರ್ಷಕ್ಕೆಂದು ತೆಗೆದುಕೊಂಡ 18 ಲಕ್ಷ 2025ರಲ್ಲಿ ತೀರಿತು.

ನಮ್ಮದು ದೊಡ್ಡ ಸಂಬಳದ ಮನೆಯಲ್ಲ. ಯಜಮಾನರು ವಸಂತನರಸಾಪುರದ ಕಾರ್ಖಾನೆಯೊಂದರಲ್ಲಿ ಶಿಫ್ಟಿಗೆ ಹೋಗುತ್ತಾರೆ. ನಾನು ಗುಬ್ಬಿಯ ಖಾಸಗಿ ಶಾಲೆಯೊಂದರಲ್ಲಿ ಟೀಚರ್. ಇಬ್ಬರು ಮಕ್ಕಳು. ಅತ್ತೆ ಮಾವ ಗುಬ್ಬಿ ತಾಲ್ಲೂಕಿನ ಊರಿನಲ್ಲಿ, ಒಂದಿಷ್ಟು ತೆಂಗಿನ ತೋಟ ನೋಡಿಕೊಂಡಿದ್ದಾರೆ. ಹೀಗಿರುವ ಮನೆಗೆ ಸಾಲ ಬೇಗ ತೀರಿಸಲು ಸಾಧ್ಯವಾದದ್ದು ಹೊಟ್ಟೆ ಬಟ್ಟೆ ಕಟ್ಟಿದ್ದರಿಂದಲ್ಲ. ದುಡ್ಡು ನಮ್ಮ ಮನೆಗೆ ಯಾವ ತಿಂಗಳು ಬರುತ್ತದೆ, ಯಾವ ತಿಂಗಳು ಹೋಗುತ್ತದೆ ಎಂದು ಗೊತ್ತು ಮಾಡಿಕೊಂಡು ಅದಕ್ಕೆ ತಕ್ಕಂತೆ ಕಟ್ಟಿದ್ದರಿಂದ. ಜೊತೆಗೆ, ಕಟ್ಟಿದ ಪ್ರತಿ ರೂಪಾಯಿ ಬ್ಯಾಂಕಿನಲ್ಲಿ ಎಲ್ಲಿಗೆ ಹೋಯಿತು ಎಂದು ಹಟ ಹಿಡಿದು ಕೇಳಿದ್ದರಿಂದ. ಎರಡನೆಯದನ್ನು ಕಲಿಯುವಷ್ಟರಲ್ಲಿ ಕೈ ಸುಟ್ಟುಕೊಂಡಿದ್ದೂ ಇದೆ.

ಮೊದಲು ಸಾಲದ ಜಾತಕ ತೆಗೆಸಿ

ನಿಮ್ಮ ಸಾಲ ಎಷ್ಟಿದೆ ಎಂದು ಕೇಳಿದರೆ ಹೆಚ್ಚಿನವರು ಕಂತು ಎಷ್ಟು ಎಂದು ಹೇಳುತ್ತಾರೆ. ಕಂತು ಬೇರೆ, ಸಾಲ ಬೇರೆ. ಬ್ಯಾಂಕಿಗೆ ಹೋಗಿ, ಇಲ್ಲವೇ ಅವರ ಆ್ಯಪ್‌ನಲ್ಲಿ, ಸಾಲದ ಸ್ಟೇಟ್‌ಮೆಂಟ್ ಮತ್ತು ಕಂತಿನ ಪಟ್ಟಿ ತೆಗೆಯಿರಿ. ಸಾಲ ಮಂಜೂರಾದಾಗ ಕೊಟ್ಟ ಸ್ಯಾಂಕ್ಷನ್ ಲೆಟರ್ ಬೀರುವಿನಲ್ಲಿ ಎಲ್ಲೋ ಇರುತ್ತದೆ, ಅದನ್ನೂ ಹುಡುಕಿ.

ನೋಡಬೇಕಾದದ್ದು ಇಷ್ಟು. ಅಸಲು ಬಾಕಿ ಎಷ್ಟು, ಇನ್ನು ಎಷ್ಟು ಕಂತು ಉಳಿದಿವೆ, ಬಡ್ಡಿ ದರ ಇವತ್ತು ಎಷ್ಟು, ಆ ದರ ಆಗಾಗ ಬದಲಾಗುವ ಫ್ಲೋಟಿಂಗೋ, ಬದಲಾಗದ ಫಿಕ್ಸೆಡ್ಡೋ. ಫ್ಲೋಟಿಂಗ್ ಆಗಿದ್ದರೆ ಅದನ್ನು ಯಾವುದಕ್ಕೆ ಕಟ್ಟಿದ್ದಾರೆ? 2019ರ ಅಕ್ಟೋಬರ್ 1ರಿಂದ ಬ್ಯಾಂಕುಗಳು ಹೊಸ ಫ್ಲೋಟಿಂಗ್ ಗೃಹಸಾಲಗಳನ್ನು ಹೊರಗಿನ ಮಾನದಂಡಕ್ಕೆ ಜೋಡಿಸಬೇಕು. ಹೆಚ್ಚಿನವು ರೆಪೊ ದರಕ್ಕೆ, ಅಂದರೆ ರಿಸರ್ವ್ ಬ್ಯಾಂಕ್ ಉಳಿದ ಬ್ಯಾಂಕುಗಳಿಗೆ ಸಾಲ ಕೊಡುವ ದರಕ್ಕೆ ಜೋಡಿಸಿವೆ. ಅಲ್ಲಿ ದರ ಮೂರು ತಿಂಗಳಿಗೊಮ್ಮೆಯಾದರೂ ಬದಲಾಗಬೇಕು. ಅದಕ್ಕಿಂತ ಹಳೆಯ ಸಾಲ ಎಂಸಿಎಲ್‌ಆರ್ ಮೇಲೆ, ಅಂದರೆ ಬ್ಯಾಂಕು ತನ್ನದೇ ಖರ್ಚು ನೋಡಿ ಗೊತ್ತು ಮಾಡುವ ದರದ ಮೇಲೆ ಇರಬಹುದು. ನಮ್ಮದು ಹಾಗೇ ಇತ್ತು. ಪೇಪರಿನಲ್ಲಿ ರೆಪೊ ಇಳಿಯಿತು ಎಂದು ಓದಿ ಖುಷಿಪಡುತ್ತಿದ್ದೆವು, ನಮ್ಮ ದರ ಮಾತ್ರ ಅಲ್ಲೇ ಕೂತಿರುತ್ತಿತ್ತು. 2020ರಲ್ಲಿ ಒಂದು ಅರ್ಜಿ, ಒಂದಿಷ್ಟು ಶುಲ್ಕ ಕೊಟ್ಟು ರೆಪೊ ಸಾಲಕ್ಕೆ ಬದಲಾಯಿಸಿಕೊಂಡೆವು. ನಾಲ್ಕು ವರ್ಷ ಮುಂಚೆ ಕಟ್ಟಲು ಶುರು ಮಾಡಿದವರಿಗಿಂತ ಹೊಸಬರಿಗೆ ಕಡಿಮೆ ದರ ಸಿಗುತ್ತಿತ್ತು. ಕೇಳದಿದ್ದರೆ ಯಾರೂ ಹೇಳುತ್ತಿರಲಿಲ್ಲ.

ದಂಡದ ಭಯ ಇಟ್ಟುಕೊಳ್ಳಬೇಡಿ. ವ್ಯಕ್ತಿಗಳು ತೆಗೆದುಕೊಂಡ ಫ್ಲೋಟಿಂಗ್ ದರದ ಗೃಹಸಾಲಕ್ಕೆ ಮುಂಚಿತವಾಗಿ ಕಟ್ಟಿದ್ದಕ್ಕೆ ಬ್ಯಾಂಕು ಶುಲ್ಕ ಹಾಕುವಂತಿಲ್ಲ ಎಂದು ರಿಸರ್ವ್ ಬ್ಯಾಂಕ್ 2012ರಲ್ಲೇ ಹೇಳಿದೆ. ದುಡ್ಡು ನಿಮ್ಮ ಸ್ವಂತದ್ದೋ ಮಾವ ಕೊಟ್ಟದ್ದೋ ಎಂಬುದೂ ಅವರಿಗೆ ಬೇಕಿಲ್ಲ. ಫಿಕ್ಸೆಡ್ ದರದ ಸಾಲವಾದರೆ ಮಾತ್ರ ಸ್ಯಾಂಕ್ಷನ್ ಲೆಟರ್ ಓದಿ ಮುಂದುವರಿಯಿರಿ.

ಬಡ್ಡಿ ಯಾವ ವರ್ಷ ಹೆಚ್ಚು ತಿನ್ನುತ್ತದೆ

ಇದೊಂದು ಅರ್ಥವಾದರೆ ಉಳಿದದ್ದೆಲ್ಲ ತಾನಾಗಿ ಬರುತ್ತದೆ. ಲೆಕ್ಕಕ್ಕೆ 25 ಲಕ್ಷ ಸಾಲ, 8.5% ಬಡ್ಡಿ, 20 ವರ್ಷ ಎಂದಿಟ್ಟುಕೊಳ್ಳಿ. ಕಂತು ಸುಮಾರು 21,696 ರೂಪಾಯಿ. ಮೊದಲ ತಿಂಗಳು ಅದರಲ್ಲಿ 17,708 ಬಡ್ಡಿಗೆ ಹೋಗುತ್ತದೆ, ಅಸಲಿಗೆ ಸೇರುವುದು 3,988. ಐದು ವರ್ಷ ಒಂದು ತಿಂಗಳೂ ತಪ್ಪದೆ ಕಟ್ಟಿದಿರಿ, ಒಟ್ಟು 13 ಲಕ್ಷ ಕೊಟ್ಟಿರಿ. ಬಾಕಿ ಎಷ್ಟು? 22 ಲಕ್ಷದ ಮೂರು ಸಾವಿರ. ಅಸಲಿನಲ್ಲಿ ಮೂರು ಲಕ್ಷವೂ ಕರಗಿಲ್ಲ. ಬ್ಯಾಂಕು ಮೋಸ ಮಾಡಿಲ್ಲ. ಬಾಕಿ ಅಸಲಿನ ಮೇಲೆ ಬಡ್ಡಿ ಹಾಕುವುದರಿಂದ ಬಾಕಿ ದೊಡ್ಡದಿರುವಷ್ಟು ದಿನ ಬಡ್ಡಿಯೂ ದೊಡ್ಡದು, ಅಷ್ಟೇ.

ಇದೇ ಸಾಲಕ್ಕೆ ಒಂದನೇ ವರ್ಷದ ಕೊನೆಯಲ್ಲಿ ಒಂದು ಲಕ್ಷ ಹೆಚ್ಚಿಗೆ ಕಟ್ಟಿದರೆ ಕೊನೆಯ 21 ಕಂತುಗಳು ಪೂರ್ತಿ ಬಿದ್ದುಹೋಗುತ್ತವೆ, ಉಳಿಯುವ ಬಡ್ಡಿ ಸುಮಾರು 3 ಲಕ್ಷ 65 ಸಾವಿರ. ಅದೇ ಒಂದು ಲಕ್ಷವನ್ನು ಹದಿನೈದನೇ ವರ್ಷ ಮುಗಿದ ಮೇಲೆ ಕಟ್ಟಿದರೆ ಉಳಿಯುವುದು 50 ಸಾವಿರದ ಹತ್ತಿರ. ಆದ್ದರಿಂದ ಸಾಲ ಹೊಸದಾಗಿರುವಾಗ ಕಟ್ಟಿದ ಹತ್ತು ಸಾವಿರವೂ ತೂಕದ್ದು. ಹದಿನೈದು ವರ್ಷ ದಾಟಿದವರು ಉಳಿದ ದುಡ್ಡನ್ನು ಸಾಲಕ್ಕೇ ಸುರಿಯಬೇಕಾಗಿಲ್ಲ, ಬೇರೆ ಕೆಲಸಕ್ಕೂ ನೋಡಬಹುದು.

ಸಣ್ಣ ಮೊತ್ತ ಕಟ್ಟುವವರಿಗೆ ಇನ್ನೊಂದು ಲೆಕ್ಕ. ಮೊದಲ ತಿಂಗಳಿಂದಲೇ ಕಂತಿನ ಜೊತೆ 2,000 ಸೇರಿಸಿ ಕಟ್ಟಿದರೆ 240 ತಿಂಗಳ ಸಾಲ 195 ತಿಂಗಳಿಗೆ ಮುಗಿಯುತ್ತದೆ, 5 ಲಕ್ಷ 88 ಸಾವಿರ ಬಡ್ಡಿ ಉಳಿಯುತ್ತದೆ. ತಿಂಗಳಿಗೆ ಆಗುವುದಿಲ್ಲ, ವರ್ಷಕ್ಕೊಂದು ಕಂತು ಹೆಚ್ಚಿಗೆ ಕಟ್ಟುತ್ತೇವೆ ಎಂದರೂ ಮೂರು ವರ್ಷ ನಾಲ್ಕು ತಿಂಗಳು ಮುಂಚೆಯೇ ಬಿಡುಗಡೆ.

ಸಾಲಕ್ಕೆ ಸುರಿಯುವ ಮುಂಚೆ

ಇಲ್ಲಿ ನಾವು ಮಾಡಿದ ತಪ್ಪನ್ನು ಹೇಳಬೇಕು. ಒಂದು ವರ್ಷ ಬೋನಸ್ಸು, ಕೊಬ್ಬರಿ ದುಡ್ಡು, ನನ್ನ ಆರ್‌ಡಿ ಎಲ್ಲ ಒಟ್ಟುಗೂಡಿಸಿ ಒಂದೂವರೆ ಲಕ್ಷವನ್ನು ಒಂದೇ ಸಲ ಸಾಲಕ್ಕೆ ಹಾಕಿ, ಕ್ಯಾತಸಂದ್ರದಲ್ಲಿ ತಟ್ಟೆ ಇಡ್ಲಿ ತಿಂದು ಬಂದೆವು. ಮೂರನೇ ತಿಂಗಳಿಗೆ ಮಾವನವರಿಗೆ ತುರ್ತಾಗಿ ಆಪರೇಷನ್ ಆಗಬೇಕಾಯಿತು. ಖಾತೆಯಲ್ಲಿ ಹನ್ನೊಂದು ಸಾವಿರ ಇತ್ತು. ನನ್ನ ಎರಡು ಬಳೆ, ಅತ್ತೆಯ ಅವಲಕ್ಕಿ ಸರ ಗಿರವಿಗೆ ಹೋದವು. ಮನೆಸಾಲಕ್ಕಿಂತ ಹೆಚ್ಚು ಬಡ್ಡಿಗೆ. ಬ್ಯಾಂಕಿಗೆ ಕೊಟ್ಟ ದುಡ್ಡನ್ನು ವಾಪಸ್ ಕೊಡಿ ಎಂದು ಕೇಳಲಿಕ್ಕಾಗುತ್ತದೆಯೇ?

"ಕಣಜ ಪೂರ್ತಿ ಬರಿದು ಮಾಡ್ಕಂಡು ಯಾರಾದ್ರೂ ಬಿತ್ತನೆಗೆ ಹೋಗ್ತಾರೇನಮ್ಮ" ಎಂದರು ಅತ್ತೆ. ಬೈದದ್ದಲ್ಲ, ಸರ ಬಿಚ್ಚಿಕೊಡುತ್ತಾ ಹೇಳಿದ್ದು.

ಅಲ್ಲಿಂದಾಚೆ ನಾವು ಪಾಲಿಸಿದ ಕ್ರಮ ಇದು. ಕ್ರೆಡಿಟ್ ಕಾರ್ಡಿನ ಬಾಕಿ ಇದ್ದರೆ ಮೊದಲು ಅದು ಹೋಗಬೇಕು. ಅದರ ಬಡ್ಡಿ ತಿಂಗಳಿಗೇ ಮೂರು, ಮೂರೂವರೆ ಪರ್ಸೆಂಟ್, ಮನೆಸಾಲಕ್ಕೆ ವರ್ಷಕ್ಕೆ ಎಂಟೂವರೆ. ಆಮೇಲೆ ಕೈಸಾಲ, ಪರ್ಸನಲ್ ಲೋನ್, ಚಿನ್ನದ ಸಾಲ. ಮನೆಸಾಲ ಇವೆಲ್ಲಕ್ಕಿಂತ ಅಗ್ಗದ ಸಾಲ ಎಂಬುದನ್ನು ಮರೆಯಬಾರದು. ಅಗ್ಗದ್ದನ್ನು ತೀರಿಸಿ ದುಬಾರಿಯದನ್ನು ಮೈಮೇಲೆ ಹಾಕಿಕೊಳ್ಳುವುದು ನಾವು ಮಾಡಿದ ಕೆಲಸ.

ಎರಡನೆಯದು ಆಪತ್ತಿನ ದುಡ್ಡು. ಆರು ತಿಂಗಳ ಮನೆಖರ್ಚು ಮತ್ತು ಆರು ಕಂತು, ಎರಡೂ ಸೇರಿ ಎಷ್ಟಾಗುತ್ತದೋ ಅಷ್ಟು ಎಫ್‌ಡಿಯಲ್ಲಿ ಇರಬೇಕು. ಒಂದೇ ಎಫ್‌ಡಿ ಮಾಡಬೇಡಿ, ನಾಲ್ಕು ತುಂಡು ಮಾಡಿ. ನಲವತ್ತು ಸಾವಿರ ಬೇಕಾದಾಗ ಎರಡು ಲಕ್ಷದ್ದನ್ನು ಮುರಿಯುವ ಕಷ್ಟ ತಪ್ಪುತ್ತದೆ. ಎಫ್‌ಡಿಗೆ ಸಿಗುವ ಬಡ್ಡಿ ಸಾಮಾನ್ಯವಾಗಿ ಸಾಲದ ಬಡ್ಡಿಗಿಂತ ಕಡಿಮೆ ಇರುತ್ತದೆ, ನಷ್ಟ ಅಲ್ಲವೇ ಎಂದು ಯಜಮಾನರು ವಾದ ಮಾಡಿದರು. ಆ ವ್ಯತ್ಯಾಸವನ್ನು ನಾನು ಗಿರವಿ ಅಂಗಡಿಗೆ ಹೋಗದಿರುವುದಕ್ಕೆ ಕೊಡುವ ಬಾಡಿಗೆ ಎಂದುಕೊಂಡಿದ್ದೇನೆ.

ಮೂರನೆಯದು, ದುಡಿಯುವವರ ಹೆಸರಿಗೆ ಬಾಕಿ ಸಾಲಕ್ಕಿಂತ ದೊಡ್ಡ ಮೊತ್ತದ ಟರ್ಮ್ ಇನ್ಶೂರೆನ್ಸ್, ಮನೆಯವರಿಗೆಲ್ಲ ಆರೋಗ್ಯ ವಿಮೆ. ಸಾಲ ಕೊಡುವಾಗಲೇ ಬ್ಯಾಂಕಿನವರು ಒಂದೇ ಕಂತಿನ ಸಾಲದ ವಿಮೆಯನ್ನು ಸಾಲಕ್ಕೇ ಸೇರಿಸಿರುತ್ತಾರೆ. ನಿಮ್ಮದರಲ್ಲಿ ಇದೆಯೇ ನೋಡಿ. ಇದ್ದರೆ ಆ ಪಾಲಿಸಿಯ ಕಾಗದ ಜೋಪಾನ, ಕೊನೆಯಲ್ಲಿ ಕೆಲಸಕ್ಕೆ ಬರುತ್ತದೆ.

ಪಿಎಫ್ ತೆಗೆದು ಸಾಲಕ್ಕೆ ಕಟ್ಟೋಣವೇ ಎಂದು ಬಹಳ ಜನ ಕೇಳುತ್ತಾರೆ. 2024-25ಕ್ಕೆ ಪಿಎಫ್ ಬಡ್ಡಿ 8.25%. ನಿಮ್ಮ ಸಾಲದ ದರವೂ ಅದರ ಅಕ್ಕಪಕ್ಕದಲ್ಲೇ ಇದ್ದರೆ, ಮುಪ್ಪಿಗೆಂದು ಇಟ್ಟ ದುಡ್ಡನ್ನು ಮುಟ್ಟಿ ಆಗುವ ಲಾಭ ಏನೂ ಇಲ್ಲ.

ಮನೆಯ ವರ್ಷವನ್ನು ಬರೆಯಿರಿ

ತಿಂಗಳ ಬಜೆಟ್ ನಮ್ಮಂಥ ಮನೆಗಳಲ್ಲಿ ನಿಲ್ಲುವುದಿಲ್ಲ. ಯಾವ ತಿಂಗಳೂ ಇನ್ನೊಂದರ ಹಾಗಿರುವುದಿಲ್ಲ. ಯುಗಾದಿಗೆ ಬಟ್ಟೆ, ಮಾರನೇ ದಿನ ಹೊಸತೊಡಕು. ಮೇ ತಿಂಗಳಲ್ಲಿ ಮದುವೆಗಳ ಸಾಲು, ಒಂದೊಂದಕ್ಕೂ ಮುಯ್ಯಿ. ಜೂನ್‌ನಲ್ಲಿ ಸ್ಕೂಲ್ ಫೀಸು, ಪುಸ್ತಕ, ಶೂ, ಇದು ವರ್ಷದಲ್ಲೇ ದೊಡ್ಡ ಏಟು. ಭಾದ್ರಪದದಲ್ಲಿ ಗೌರಿ ಬಾಗಿನ, ನಾದಿನಿಯರಿಗೆ ಸೀರೆ, ಹಿಂದೆಯೇ ಹಿರಿಯರ ಹಬ್ಬ. ಬರುವ ಕಡೆ ನೋಡಿದರೆ ಸಂಬಳ ಹನ್ನೆರಡು ತಿಂಗಳೂ ಒಂದೇ, ಆದರೆ ಬೋನಸ್ಸು ಹಬ್ಬದ ಹೊತ್ತಿಗೆ, ಇನ್ಕ್ರಿಮೆಂಟು ಏಪ್ರಿಲ್‌ನಲ್ಲಿ, ಕೊಬ್ಬರಿ ದುಡ್ಡು ದೇವರಿಗೇ ಗೊತ್ತು.

ಒಂದು ಹಳೆಯ ಕ್ಯಾಲೆಂಡರಿನ ಹನ್ನೆರಡು ಹಾಳೆ ಹರಿದು ನೆಲದ ಮೇಲೆ ಸಾಲಾಗಿ ಹರಡಿದೆವು. ಪ್ರತಿ ಹಾಳೆಯ ಹಿಂದೆ ಆ ತಿಂಗಳ ಮಾಮೂಲಿ ಖರ್ಚು ಬಿಟ್ಟು ಬರುವ ವಿಶೇಷ ಖರ್ಚು, ವಿಶೇಷ ಆದಾಯ ಬರೆದೆವು. ಮಗಳೂ ಕೂತು ಬರೆದಳು. ಹರಡಿ ನೋಡಿದಾಗ ತಿಳಿದದ್ದು: ಮೇ, ಜೂನ್, ಸೆಪ್ಟೆಂಬರ್ ನಮಗೆ ಬಿಗಿ. ನವೆಂಬರಿನಿಂದ ಫೆಬ್ರವರಿವರೆಗೆ ಉಸಿರಾಡಬಹುದು. ಹಾಗಾಗಿ ಬಿಗಿ ತಿಂಗಳುಗಳಲ್ಲಿ ಸಾಲಕ್ಕೆ ಒಂದು ಪೈಸೆ ಹೆಚ್ಚು ಹಾಕುವುದಿಲ್ಲ, ಕಂತು ಹೋದರೆ ಸಾಕು ಎಂದು ಗೊತ್ತು ಮಾಡಿಕೊಂಡೆವು. ಉಸಿರಾಡುವ ತಿಂಗಳುಗಳಲ್ಲಿ ಕಟ್ಟಿದೆವು. ಇಷ್ಟು ಮಾಡಿದ ಮೇಲೆ ಮನೆಯಲ್ಲಿ ಜಗಳ ಅರ್ಧಕ್ಕರ್ಧ ಕಡಿಮೆಯಾಯಿತು. ಸೆಪ್ಟೆಂಬರಿನಲ್ಲಿ ನಾದಿನಿಗೆ ಸೀರೆ ತರುವಾಗ ಸಾಲದ ಮಾತು ಬರಲಿಲ್ಲ.

ಕೊಬ್ಬರಿ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಈ ಜಿಲ್ಲೆಯ ಎಷ್ಟೋ ಮನೆಗಳಿಗೆ ಅದೇ ಇಡಿಗಂಟು. ಉಂಡೆ ಕೊಬ್ಬರಿಗೆ ಕಾಯಿಯನ್ನು ಅಟ್ಟಕ್ಕೆ ಹಾಕಿದರೆ ಹತ್ತು, ಹನ್ನೊಂದು ತಿಂಗಳು ಮುಟ್ಟುವಂತಿಲ್ಲ. ಒಳಗಿನ ನೀರು ಪೂರ್ತಿ ಬತ್ತಿ, ಕಿವಿಯ ಹತ್ತಿರ ಅಲ್ಲಾಡಿಸಿದರೆ ಗಿಟಕು ಚಿಪ್ಪಿನೊಳಗೆ ಗಡಗಡ ಎನ್ನಬೇಕು. ಆಮೇಲೆ ಸುಲಿದು ತಿಪಟೂರು ಮಾರುಕಟ್ಟೆಗೆ. ಅಲ್ಲಿನ ಬೆಲೆಯನ್ನು ನಂಬಿ ಕೂತರೆ ಕೆಟ್ಟೆವು. 2023ರಲ್ಲಿ ಬೆಂಬಲ ಬೆಲೆಯೇ ಕ್ವಿಂಟಾಲಿಗೆ 11,750 ಇದ್ದಾಗ ಮಾರುಕಟ್ಟೆಯಲ್ಲಿ ಅದಕ್ಕಿಂತ ಎಷ್ಟೋ ಕೆಳಗೆ ಬಿದ್ದಿತ್ತು. 2025ರಲ್ಲಿ 20 ಸಾವಿರ ದಾಟಿತು. ಇಂಥ ಆದಾಯವನ್ನು ಯಾವತ್ತೂ ಕಂತಿಗೆ ಲೆಕ್ಕ ಹಿಡಿಯಬಾರದು. ಕಂತು ಸಂಬಳದಿಂದಲೇ ಹೋಗಬೇಕು. ಕೊಬ್ಬರಿ, ಅಡಿಕೆ, ಹುಣಸೆ, ಮಾವು, ಯಾವುದಾದರೂ ಸರಿ, ಬಂದ ಮೇಲೆ ಭಾಗ ಮಾಡಿ. ನಮ್ಮದು ಮೂರು ಭಾಗ: ಒಂದು ತೋಟಕ್ಕೆ ವಾಪಸ್, ಒಂದು ಅತ್ತೆ ಮಾವನವರಿಗೆ, ಒಂದು ಸಾಲಕ್ಕೆ. 2025ರಲ್ಲಿ ಮಾವ ತಮ್ಮ ಭಾಗವನ್ನೂ ಕೊಟ್ಟರು. "ನಾನಿರೋವಾಗ್ಲೇ ಪತ್ರ ಮನೆಗೆ ಬರ್ಲಿ" ಎಂದರು.

ಉಳಿತಾಯ ಎಲ್ಲಿಂದ? ಮಂಡಿಪೇಟೆಯಲ್ಲಿ ಬೇಳೆ, ಎಣ್ಣೆ ಸಗಟಾಗಿ ತಂದರೆ, ಅಂತರಸನಹಳ್ಳಿ ಮಾರುಕಟ್ಟೆಗೆ ಬೆಳಿಗ್ಗೆ ಹೋಗಿ ತರಕಾರಿ ತಂದರೆ ಉಳಿಯುತ್ತದೆ, ನಾವೂ ಮಾಡಿದೆವು. ಆದರೆ ಕೊತ್ತಂಬರಿ ಸೊಪ್ಪಿನಲ್ಲಿ ಉಳಿಸಿ ಮನೆಸಾಲ ತೀರಿಸಿದವರನ್ನು ನಾನು ಕಂಡಿಲ್ಲ. ಸಾಲ ಕರಗುವುದು ದೊಡ್ಡ ಖರ್ಚನ್ನು ಮುಂದೂಡಿದಾಗ. ನಾವು ಕಾರು ತೆಗೆದುಕೊಳ್ಳಲಿಲ್ಲ. ಹಾಲ್‌ಗೆ ಪಿಒಪಿ ಮಾಡಿಸಲಿಲ್ಲ. ಮೇಲಿನ ಮಹಡಿ ಕಟ್ಟಿ ಬಾಡಿಗೆಗೆ ಕೊಡೋಣ ಎಂದು ಇನ್ನೊಂದು ಸಾಲ ಎತ್ತಲಿಲ್ಲ. ಭಾನುವಾರದ ತಟ್ಟೆ ಇಡ್ಲಿ ಮಾತ್ರ ನಿಲ್ಲಿಸಲಿಲ್ಲ.

ಇನ್ನೊಂದು ದಾರಿ, ನಿಂತುಹೋದ ಖರ್ಚನ್ನು ಹಿಡಿದು ಸಾಲದ ಕಡೆ ತಿರುಗಿಸುವುದು. ಮಗನ ಡೇ ಕೇರ್ ಮುಗಿಯಿತು, ಆ ದುಡ್ಡು ಮರುತಿಂಗಳಿಂದಲೇ ಆರ್‌ಡಿಗೆ. ಬೈಕಿನ ಸಾಲ ಮುಗಿಯಿತು, ಆ ಕಂತು ಆರ್‌ಡಿಗೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದು ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಇಲ್ಲ ಎಂದಾದಾಗ ಗುಬ್ಬಿಗೆ ಹೋಗಿಬರುವ ನನ್ನ ಪಾಸಿನ ದುಡ್ಡು ಉಳಿಯಿತು, ಅದೂ ಆರ್‌ಡಿಗೆ. ಒಂದು ತಿಂಗಳು ತಡಮಾಡಿದರೆ ಆ ದುಡ್ಡು ಎಲ್ಲಿ ಹೋಯಿತು ಎಂದೇ ತಿಳಿಯುವುದಿಲ್ಲ, ಮನೆ ನುಂಗಿಬಿಡುತ್ತದೆ. ಆರ್‌ಡಿ ವರ್ಷಕ್ಕೆ ಮುಗಿಯುವಂತೆ ಮಾಡಿ, ಜನವರಿಯಲ್ಲಿ ಸಾಲಕ್ಕೆ.

ಚೀಟಿ ಹಾಕಿ ಗಂಟು ಮಾಡಿ ಕಟ್ಟುವವರೂ ಇದ್ದಾರೆ. ರಿಜಿಸ್ಟರ್ ಆದ ಚೀಟಿಯಾದರೆ ಮಾತ್ರ ಹಾಕಿ, ಗಲ್ಲಿಯ ಚೀಟಿ ನಂಬಿ ಮನೆ ಮಾರಿದವರ ಕಥೆ ಎಲ್ಲರಿಗೂ ಗೊತ್ತು. ಮೊದಲ ತಿಂಗಳುಗಳಲ್ಲೇ ಕೂಗಿ ಎತ್ತಿ ಸಾಲಕ್ಕೆ ಕಟ್ಟುವುದು ಜಾಣತನವಲ್ಲ. ಕೂಗಿನಲ್ಲಿ ಬಿಟ್ಟುಕೊಟ್ಟದ್ದು ಉಳಿಸಿದ ಬಡ್ಡಿಗಿಂತ ಜಾಸ್ತಿಯಾಗಬಹುದು.

ಕಟ್ಟುವ ದಿನ: ಕಂತು ಇಳಿಸಬೇಡಿ, ಅವಧಿ ಇಳಿಸಿ

2018ರಲ್ಲಿ ಮೊದಲ ಸಲ ಒಂದು ಲಕ್ಷ ಕಟ್ಟಲು ಹೋದಾಗ ಕೌಂಟರಿನಲ್ಲಿದ್ದ ಹುಡುಗ ರಸೀದಿ ಕೊಟ್ಟು ಕಳಿಸಿದ. ಮುಂದಿನ ತಿಂಗಳು ಕಂತು ಒಂಬೈನೂರು ರೂಪಾಯಿ ಕಡಿಮೆ ಕಡಿತವಾಗಿತ್ತು. ಪರವಾಗಿಲ್ಲವೇ ಎಂದು ಖುಷಿಪಟ್ಟೆವು. ಎರಡು ವರ್ಷವಾದ ಮೇಲೆ ಪಟ್ಟಿ ತೆಗೆಸಿದಾಗ ಗೊತ್ತಾಯಿತು, ಸಾಲ ಮುಗಿಯುವ ವರ್ಷ 2036 ಹಾಗೇ ಇದೆ.

ಮೇಲಿನ 25 ಲಕ್ಷದ ಲೆಕ್ಕಕ್ಕೇ ಬನ್ನಿ. ಒಂದನೇ ವರ್ಷದ ಕೊನೆಯಲ್ಲಿ ಒಂದು ಲಕ್ಷ ಕಟ್ಟಿ ಕಂತು ಇಳಿಸಿಕೊಂಡರೆ ತಿಂಗಳಿಗೆ 885 ರೂಪಾಯಿ ಕಡಿಮೆ, ಒಟ್ಟು ಉಳಿಯುವ ಬಡ್ಡಿ ಒಂದು ಲಕ್ಷದ ಆಸುಪಾಸು. ಕಂತು ಹಾಗೇ ಬಿಟ್ಟು ಅವಧಿ ಇಳಿಸಿದರೆ 3 ಲಕ್ಷ 65 ಸಾವಿರ. ಕಟ್ಟಿದ ದುಡ್ಡು ಒಂದೇ, ಅರ್ಜಿಯ ಒಂದು ಸಾಲಿನಲ್ಲಿ ಎರಡೂವರೆ ಲಕ್ಷಕ್ಕೂ ಮಿಕ್ಕಿ ವ್ಯತ್ಯಾಸ. ಕೆಲಸ ಹೋಗುವ ಭಯವಿದ್ದರೆ, ಸಂಬಳ ಕಡಿತವಾಗಿದ್ದರೆ ಕಂತು ಇಳಿಸಿಕೊಳ್ಳುವುದೂ ಸರಿಯೇ. ಆದರೆ ಅದು ನೀವು ಆರಿಸಿಕೊಂಡದ್ದಾಗಿರಬೇಕು.

ಇನ್ನೊಂದು ಗೊಂದಲ, ಹೆಚ್ಚಿಗೆ ಹಾಕಿದ ದುಡ್ಡನ್ನು ಕೆಲವು ಕಡೆ ಮುಂದಿನ ಕಂತಿನ ಅಡ್ವಾನ್ಸ್ ಎಂದು ಇಟ್ಟುಕೊಳ್ಳುತ್ತಾರೆ, ಅಸಲು ಕಡಿಮೆಯಾಗುವುದಿಲ್ಲ. ಸುಮ್ಮನೆ ಆನ್‌ಲೈನ್‌ನಲ್ಲಿ ಸಾಲದ ಖಾತೆಗೆ ದುಡ್ಡು ಕಳಿಸಿ ಕೂರಬೇಡಿ. ಆ್ಯಪ್‌ನಲ್ಲಿ ಪಾರ್ಟ್ ಪೇಮೆಂಟ್ ಎಂಬ ಆಯ್ಕೆ ಇದ್ದು, ಅವಧಿ ಇಳಿಸಬೇಕೇ ಎಂದು ಕೇಳಿದರೆ ಅಲ್ಲೇ ಮಾಡಬಹುದು. ಇಲ್ಲದಿದ್ದರೆ ಅರ್ಜಿ ಬರೆಯಿರಿ. ನಾನು ಪ್ರತಿ ಸಲ ಕೊಡುತ್ತಿದ್ದದ್ದು ಇದು:

"ನನ್ನ ಗೃಹಸಾಲ ಖಾತೆ ಸಂಖ್ಯೆ ............ಗೆ ದಿನಾಂಕ ............ರಂದು ರೂ. 50,000 ಕಟ್ಟಿರುತ್ತೇನೆ. ಈ ಹಣವನ್ನು ಮುಂದಿನ ಕಂತುಗಳಿಗೆ ಹಿಡಿಯದೆ, ಪೂರ್ತಿಯಾಗಿ ಅಸಲಿಗೆ ಜಮಾ ಮಾಡಬೇಕು. ತಿಂಗಳ ಕಂತನ್ನು ಈಗಿರುವಷ್ಟೇ ಉಳಿಸಿ, ಸಾಲದ ಅವಧಿಯನ್ನು ಕಡಿಮೆ ಮಾಡಬೇಕಾಗಿ ಕೋರುತ್ತೇನೆ. ಹೊಸ ಕಂತಿನ ಪಟ್ಟಿಯನ್ನು ಕೊಡಿಸಬೇಕು."

ಎರಡು ಪ್ರತಿ ಮಾಡಿ, ಒಂದರ ಮೇಲೆ ಸೀಲು, ಸಹಿ, ತಾರೀಖು ಹಾಕಿಸಿಕೊಂಡು ಬನ್ನಿ. ಹದಿನೈದು ದಿನ ಬಿಟ್ಟು ಹೊಸ ಪಟ್ಟಿ ತೆಗೆದು ಮೂರು ಅಂಕಿ ನೋಡಿ: ಅಸಲು ಅಷ್ಟೂ ಇಳಿದಿದೆಯೇ, ಕಂತು ಹಾಗೇ ಇದೆಯೇ, ಕೊನೆಯ ಕಂತಿನ ತಿಂಗಳು ಹಿಂದಕ್ಕೆ ಬಂದಿದೆಯೇ. ಮಾಡದಿದ್ದರೆ ಬ್ಯಾಂಕಿಗೆ ಬರಹದಲ್ಲಿ ದೂರು ಕೊಡಿ. ಮೂವತ್ತು ದಿನದಲ್ಲಿ ಉತ್ತರ ಬರದಿದ್ದರೆ, ಬಂದ ಉತ್ತರ ಸರಿಯಿಲ್ಲದಿದ್ದರೆ, ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಆನ್‌ಲೈನ್‌ನಲ್ಲೇ ದೂರು ಹಾಕಬಹುದು. ಅದಕ್ಕೆ ಶುಲ್ಕವಿಲ್ಲ. ವಿಚಾರಿಸಲು 14448ಕ್ಕೆ ಕರೆ ಮಾಡಬಹುದು.

ಕೆಲವು ಬ್ಯಾಂಕುಗಳಲ್ಲಿ ಓವರ್‌ಡ್ರಾಫ್ಟ್ ಮಾದರಿಯ ಗೃಹಸಾಲ ಇದೆ. ಹೆಚ್ಚುವರಿ ದುಡ್ಡನ್ನು ಆ ಖಾತೆಯಲ್ಲಿಟ್ಟರೆ ಅಷ್ಟಕ್ಕೆ ಬಡ್ಡಿ ಬೀಳುವುದಿಲ್ಲ, ಬೇಕಾದಾಗ ವಾಪಸ್ ತೆಗೆಯಬಹುದು. ವ್ಯಾಪಾರ ಮಾಡುವವರಿಗೆ ಒಳ್ಳೆಯದು. ನಮ್ಮಂಥವರು ತೆಗೆಯಬಹುದು ಎಂದು ಗೊತ್ತಾದರೆ ತೆಗೆದೇ ತೆಗೆಯುತ್ತೇವೆ.

ರೆಪೊ ಏರಿದಾಗ, ಇಳಿದಾಗ

2022ರ ಮೇನಲ್ಲಿ 4% ಇದ್ದ ರೆಪೊ ಏರಲು ಶುರುವಾಗಿ 2023ರ ಫೆಬ್ರವರಿಗೆ 6.5% ಮುಟ್ಟಿತು. ಆಗ ಕಂತು ಬದಲಾಗಲಿಲ್ಲ, ನಾವೂ ತಲೆಕೆಡಿಸಿಕೊಳ್ಳಲಿಲ್ಲ. ಕಂತು ಏರಿಸದೆ ಅವಧಿಯನ್ನು ಎಳೆದಿದ್ದರು. ಇದು ಎಷ್ಟು ಕೆಟ್ಟದ್ದು ಎಂದರೆ, 6.75% ದರದಲ್ಲಿ 25 ಲಕ್ಷ ತೆಗೆದವರ ಕಂತು 19,009. ದರ 9.25% ಆದಾಗ ಬಾಕಿ 24.4 ಲಕ್ಷ ಇದ್ದರೆ ಆ ತಿಂಗಳ ಬಡ್ಡಿಯೇ 18,800. ಅಷ್ಟು ಕಟ್ಟಿದರೂ ಅಸಲಿಗೆ ಹೋಗುವುದು ಇನ್ನೂರು ರೂಪಾಯಿ.

2023ರ ಆಗಸ್ಟ್‌ನಲ್ಲಿ ರಿಸರ್ವ್ ಬ್ಯಾಂಕ್ ಇದಕ್ಕೆ ಕಟ್ಟುಪಾಡು ತಂದಿತು. ದರ ಬದಲಾದಾಗ ಕಂತು ಏರಿಸಬೇಕೋ, ಅವಧಿ ಎಳೆಯಬೇಕೋ, ಎರಡೂ ಸ್ವಲ್ಪಸ್ವಲ್ಪವೋ ಎಂದು ಸಾಲಗಾರರನ್ನು ಕೇಳಬೇಕು. ಮೂರು ತಿಂಗಳಿಗೊಮ್ಮೆ ಇದುವರೆಗೆ ವಸೂಲಾದ ಅಸಲು, ಬಡ್ಡಿ, ಉಳಿದ ಕಂತುಗಳ ಸಂಖ್ಯೆ ಇರುವ ಸ್ಟೇಟ್‌ಮೆಂಟ್ ಸಿಗುವಂತೆ ಮಾಡಬೇಕು. ಏರಿದಾಗ, ಆಗುವುದಾದರೆ ಕಂತನ್ನೇ ಏರಿಸಿ ಎಂದು ಹೇಳಿ. ಇಳಿದಾಗ ಕಂತು ಇಳಿಸುವುದು ಬೇಡ ಎಂದು ಹೇಳಿ. 2025ರ ಫೆಬ್ರವರಿಯಿಂದ ಡಿಸೆಂಬರ್‌ವರೆಗೆ ರೆಪೊ 6.5%ರಿಂದ 5.25%ಕ್ಕೆ ಇಳಿಯಿತು. ರೆಪೊ ಸಾಲ ಇರುವವರು ನಿಮ್ಮ ದರವೂ ಅಷ್ಟು ಇಳಿದಿದೆಯೇ ಎಂದು ಇವತ್ತೇ ನೋಡಿ. ಇಳಿದಿದ್ದರೆ ಹಳೆಯ ಕಂತನ್ನೇ ಕಟ್ಟುತ್ತಾ ಹೋಗಿ, ಸಂಸಾರಕ್ಕೆ ಹೊಸ ಹೊರೆ ಏನೂ ಬೀಳದೆ ಸಾಲ ಓಡುತ್ತದೆ.

ಟ್ಯಾಕ್ಸ್ ಉಳಿಯುತ್ತದೆ ಎಂಬ ಮಾತು

"ಸಾಲ ಇರ್ಲಿ ಬಿಡಿ ಮೇಡಂ, ಟ್ಯಾಕ್ಸ್ ಉಳಿಯುತ್ತೆ" ಎನ್ನುವವರು ಸ್ಟಾಫ್ ರೂಮಿಗೆ ಒಬ್ಬರು ಇದ್ದೇ ಇರುತ್ತಾರೆ. ಹಳೆಯ ತೆರಿಗೆ ಪದ್ಧತಿಯಲ್ಲಿ ಸ್ವಂತ ವಾಸದ ಮನೆಯ ಬಡ್ಡಿಗೆ ವರ್ಷಕ್ಕೆ 2 ಲಕ್ಷದವರೆಗೆ, ಅಸಲಿಗೆ ಪಿಎಫ್, ವಿಮೆಯಂಥ ಉಳಿತಾಯಗಳೂ ಸೇರಿ ಒಟ್ಟು 1.5 ಲಕ್ಷದ ಮಿತಿಯೊಳಗೆ ವಿನಾಯಿತಿ ಇದೆ. 20% ಸ್ಲ್ಯಾಬಿನಲ್ಲಿರುವವರು 2 ಲಕ್ಷ ಬಡ್ಡಿ ಕಟ್ಟಿದರೆ ಸೆಸ್ ಸೇರಿ 41,600 ಉಳಿಯುತ್ತದೆ. ಅಂದರೆ ಉಳಿದ 1,58,400 ಕೈಬಿಟ್ಟಿತು. ಹೊಸ ಪದ್ಧತಿಯಲ್ಲಂತೂ ವಾಸದ ಮನೆಗೆ ಇದ್ಯಾವುದೂ ಇಲ್ಲ, 2025-26ರಿಂದ 12 ಲಕ್ಷದವರೆಗಿನ ಆದಾಯಕ್ಕೆ ತೆರಿಗೆಯೂ ಇಲ್ಲ. ಹೊಸ ಪದ್ಧತಿಗೆ ಹೋದವರಿಗೆ ಈ ಮಾತು ಮುಗಿದ ಕಥೆ.

ಕೈ ಬಿಗಿ ಹಿಡಿಯಬೇಕಾದ ಹೊತ್ತು

ಎರಡು ವರ್ಷದೊಳಗೆ ಮಗಳು ಇಂಜಿನಿಯರಿಂಗ್ ಸೇರುತ್ತಾಳೆ, ತಂಗಿಯ ಮದುವೆ ಇದೆ ಎಂದಾದರೆ ಇಡಿಗಂಟನ್ನು ಸಾಲಕ್ಕೆ ಹಾಕಬೇಡಿ. ಇಲ್ಲಿ 8.5%ರ ಸಾಲ ಇಳಿಸಿ, ಅಲ್ಲಿ ಅದಕ್ಕಿಂತ ದುಬಾರಿ ಸಾಲಕ್ಕೆ ಸಹಿ ಹಾಕುವ ಹಾಗಾಗುತ್ತದೆ. ಮಗಳು ಹತ್ತನೇ ಕ್ಲಾಸಿಗೆ ಬಂದ ವರ್ಷ ನಾವು ಹೆಚ್ಚುವರಿ ಕಟ್ಟುವುದನ್ನು ಪೂರ್ತಿ ನಿಲ್ಲಿಸಿದ್ದೆವು.

ಮಕ್ಕಳ ಮುಂದೆ ಸಾಲದ ಮಾತಾಡಬೇಕೇ? ಆಡಬೇಕು, ಆದರೆ ಅಂಕಿಯಲ್ಲಿ ಆಡಬೇಕು. ಒಂದು ಸಲ ಮಗ ಶಾಲೆಯ ಪ್ರವಾಸಕ್ಕೆ ಹೆಸರು ಕೊಡದೆ ಬಂದ. ಯಾಕೋ ಎಂದರೆ, "ಸಾಲ ಇದೆಯಲ್ಲಮ್ಮ" ಎಂದ. ಪ್ರವಾಸಕ್ಕೆ ಎಂಟುನೂರು. ಆ ರಾತ್ರಿ ಕಂತಿನ ಪಟ್ಟಿಯನ್ನು ಅವನ ಮುಂದೆ ಹರಡಿ, ಎಂಟುನೂರರಿಂದ ಏನೂ ಆಗುವುದಿಲ್ಲ ಎಂದು ತೋರಿಸಿದೆ. ಬೆಳಿಗ್ಗೆ ದುಡ್ಡು ತೆಗೆದುಕೊಂಡು ಹೋದ.

ತೀರಿದ ಮೇಲೆ ಮಾಡುವ ಕೆಲಸ

ಕೊನೆಯ ದುಡ್ಡು ಕಟ್ಟುವ ಮುಂಚೆ ಫೋರ್‌ಕ್ಲೋಷರ್ ಲೆಟರ್ ಕೇಳಿ, ಯಾವ ತಾರೀಖಿನವರೆಗೆ ಎಷ್ಟು ಎಂದು ಅದರಲ್ಲಿರುತ್ತದೆ. ಆ ತಾರೀಖಿನೊಳಗೆ ಕಟ್ಟಿ. ಕಟ್ಟಿದ ದಿನವೇ ಸಾಲ ಪೂರ್ತಿ ತೀರಿದೆ ಎಂಬ ಪತ್ರ, ಎನ್‌ಒಸಿ ಕೇಳಿ. ಕಂತಿನ ಆಟೊ ಡೆಬಿಟ್ ರದ್ದಾಗಿದೆಯೇ ನೋಡಿ. ಭದ್ರತೆಗೆಂದು ಕೊಟ್ಟಿದ್ದ ಚೆಕ್ ವಾಪಸ್ ಪಡೆಯಿರಿ.

ಮನೆಯ ಮೂಲ ಪತ್ರಗಳನ್ನು ಸಾಲ ತೀರಿದ 30 ದಿನದೊಳಗೆ ಬ್ಯಾಂಕು ಹಿಂದಿರುಗಿಸಬೇಕು. ಬ್ಯಾಂಕಿನ ತಪ್ಪಿನಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ. 2023ರ ಡಿಸೆಂಬರ್ 1ರಿಂದ ಈ ನಿಯಮ ಇದೆ. ತೆಗೆದುಕೊಳ್ಳುವಾಗ, ಸಾಲ ಪಡೆದ ದಿನ ಬ್ಯಾಂಕು ಕೊಟ್ಟಿದ್ದ ಪತ್ರಗಳ ಪಟ್ಟಿ ಕೈಯಲ್ಲಿರಲಿ. ಕ್ರಯಪತ್ರ, ಹಿಂದಿನ ಮಾಲೀಕರ ಪತ್ರಗಳು, ಖಾತೆ, ಕಂದಾಯ ರಸೀದಿ, ಪ್ಲಾನು, ಒಂದೊಂದೇ ಟಿಕ್ ಹಾಕಿ. ನಮ್ಮ ಕಟ್ಟಿನಲ್ಲಿ ಒಂದು ಹಳೆಯ ಕಂದಾಯ ರಸೀದಿ ಇರಲಿಲ್ಲ, ಅಲ್ಲೇ ಕೂತು ಹುಡುಕಿಸಿದೆವು. ಮುಕ್ಕಾಲು ಗಂಟೆ. ಮನೆಗೆ ತಂದ ಮೇಲೆ ಲ್ಯಾಮಿನೇಷನ್ ಮಾತ್ರ ಮಾಡಿಸಬೇಡಿ.

ಇಲ್ಲಿಗೇ ಬಿಟ್ಟುಬಿಡುವವರು ಬಹಳ. ಸಾಲ ತೆಗೆದಾಗ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಹಕ್ಕುಪತ್ರ ಅಡವಿಟ್ಟ ಬಗ್ಗೆ ಎಂಒಡಿ ನೋಂದಣಿ ಆಗಿದ್ದರೆ, ಅದನ್ನೂ ಬಿಡುಗಡೆ ಮಾಡಿಸಬೇಕು. ಇಲ್ಲದಿದ್ದರೆ ಹತ್ತು ವರ್ಷ ಬಿಟ್ಟು ಮಕ್ಕಳು ಮನೆ ಮಾರಲು ಹೋದಾಗ ಸಾಲ ಇನ್ನೂ ಇದೆ ಎಂದೇ ಕಾಣುತ್ತದೆ. ಬ್ಯಾಂಕಿನ ಪರವಾಗಿ ಸಹಿ ಮಾಡುವವರು ಬರಬೇಕು, ಅವರಿಗೆ ಬಿಡುವಾಗುವ ದಿನ ಗೊತ್ತು ಮಾಡಿಕೊಂಡೇ ಕಚೇರಿಗೆ ಹೋಗಿ. ನಮಗೆ ಮೂರು ಸಲ ಓಡಾಟವಾಯಿತು. ಬ್ಯಾಂಕು ತನ್ನ ಕಡೆಯಿಂದ ಸೆರ್ಸಾಯ್ ಎಂಬ, ಅಡವಿಟ್ಟ ಆಸ್ತಿಗಳ ಕೇಂದ್ರ ದಾಖಲೆಯಲ್ಲೂ ಸಾಲ ತೀರಿದ್ದನ್ನು ಬರೆಸಬೇಕು, ಬರೆಸಿದ್ದೀರಾ ಎಂದು ಕೇಳಿ. ಒಂದೆರಡು ತಿಂಗಳು ಬಿಟ್ಟು, ನಿಮ್ಮ ಸಾಲಗಳ ಚರಿತ್ರೆ ಇರುವ ಸಿಬಿಲ್ ವರದಿಯಲ್ಲಿ ಸಾಲದ ಖಾತೆ ಮುಚ್ಚಿದೆ ಎಂದಿದೆಯೇ ನೋಡಿ. ಸಾಲದ ಜೊತೆ ಒಂದೇ ಕಂತಿನ ವಿಮೆ ಮಾಡಿಸಿದ್ದರೆ, ಉಳಿದ ಅವಧಿಗೆ ದುಡ್ಡು ವಾಪಸ್ ಬರುತ್ತದೆಯೇ ಎಂದು ವಿಮಾ ಕಂಪನಿಯಲ್ಲಿ ವಿಚಾರಿಸಿ.

ಎಲ್ಲ ಆದ ಮೇಲೆ ನೋಂದಣಿ ಇಲಾಖೆಯ ಕಾವೇರಿ ಪೋರ್ಟಲ್‌ನಲ್ಲಿ ಇಸಿ, ಅಂದರೆ ಆಸ್ತಿಯ ಋಣಭಾರ ಪತ್ರ ತೆಗೆಯಿರಿ. ನಾವು ತೆಗೆದ ಇಸಿಯನ್ನು ಮಗಳು ಅಜ್ಜಿಗೆ ಓದಿ ಹೇಳಿದಳು. 2016ರ ಅಡವಿನ ಸಾಲು ಕೇಳಿದ್ದೇ ಅತ್ತೆ ಗಾಬರಿಯಾದರು. "ತೀರಿಸಿದ್ಮೇಲೂ ಯಾಕಮ್ಮ ಇನ್ನೂ ಐತೆ? ಅಳಿಸಲ್ವಾ?"

ಅಳಿಸುವುದಿಲ್ಲ. ಅಡವಿಟ್ಟದ್ದೂ ಇರುತ್ತದೆ, ಬಿಡಿಸಿಕೊಂಡದ್ದೂ ಇರುತ್ತದೆ. ಎರಡನೇ ಸಾಲಿನ ಮೇಲೆ ಮಗಳು ಬೆರಳಿಟ್ಟು ತೋರಿಸಿದಳು.